ಎರಡು ಸರ್ವರ್‌ಗಳ ಫೇಲ್‌ಓವರ್ ಕ್ಲಸ್ಟರ್: ಸ್ಟೋನಿತ್ ಆಫ್ ಮಾಡಿ ಬಿಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎರಡು ಲಿನಕ್ಸ್ ಸರ್ವರ್ ಇವೆ. ಒಂದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡುತ್ತಿದೆ, ಅದರ ಡಿಸ್ಕ್ ಡಿಆರ್‌ಬಿಡಿ ಮೂಲಕ ಇನ್ನೊಂದಕ್ಕೂ ಕಾಪಿ ಆಗುತ್ತಿದೆ. ಒಂದು ಕೈಕೊಟ್ಟರೆ ಇನ್ನೊಂದು ತಾನಾಗಿಯೇ ಕೆಲಸ ಎತ್ತಿಕೊಳ್ಳಬೇಕು. ಇದೇ ಫೇಲ್‌ಓವರ್. ಅದಕ್ಕೆ ಪೇಸ್‌ಮೇಕರ್ (ಯಾವ ಸರ್ವಿಸ್ ಎಲ್ಲಿ ಓಡಬೇಕು ಅಂತ ನಿರ್ಧರಿಸುವುದು), ಕೊರೊಸಿಂಕ್ (ಸರ್ವರ್‌ಗಳ ನಡುವೆ ಮಾತುಕತೆ ನಡೆಸುವುದು) ಹಾಕಿದ್ದೀರಿ. ಆದರೆ ಸ್ಟೋನಿತ್ ಡಿವೈಸ್ (ಕೈಕೊಟ್ಟ ಸರ್ವರನ್ನು ಬಲವಂತವಾಗಿ ಆಫ್ ಮಾಡುವ ಸಾಧನ) ಇಲ್ಲ ಅಂತ ಎರರ್ ಬಂದು ಯಾವ ರಿಸೋರ್ಸೂ (ಪೇಸ್‌ಮೇಕರ್ ನಡೆಸುವ ಡಿಸ್ಕ್, ಡೇಟಾಬೇಸ್, ಐಪಿಯಂಥವು) ಸ್ಟಾರ್ಟ್ ಆಗಲಿಲ್ಲ. ಸ್ಟೋನಿತ್-ಎನೇಬಲ್ಡ್ ಅನ್ನು ಫಾಲ್ಸ್ ಮಾಡಿದ ಕೂಡಲೇ ಎಲ್ಲ ಎದ್ದು ನಿಂತಿತು. ಹಾಗೇ ಬಿಡಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಬಿಡಬೇಡಿ. ನಾನು ಬಿಟ್ಟಿದ್ದೆ.

ನಮ್ಮದೂ ಹೆಚ್ಚುಕಡಿಮೆ ನಿಮ್ಮಂಥದೇ ಜೋಡಣೆ. ಎರಡು ನೋಡ್‌ಗಳ (ಕ್ಲಸ್ಟರ್‌ನ ಸರ್ವರ್‌ಗಳ) ನಡುವೆ ಒಂದೇ ಒಂದು ನೇರ ಕೇಬಲ್. ಕೊರೊಸಿಂಕ್ ಮಾತುಕತೆಯೂ ಡಿಆರ್‌ಬಿಡಿ ಕಾಪಿಯೂ ಅದರಲ್ಲೇ. ಒಂದು ದಿನ ಆ ಕೇಬಲ್ ಕೆಟ್ಟಿತು. ಎರಡೂ ಸರ್ವರ್ ಚೆನ್ನಾಗಿಯೇ ಇದ್ದವು. ಆದರೆ ಪ್ರತಿಯೊಂದಕ್ಕೂ ಇನ್ನೊಂದು ಸತ್ತಿದೆ ಅನ್ನಿಸಿತು. ಸ್ಟ್ಯಾಂಡ್‌ಬೈ ನೋಡ್ ಡಿಸ್ಕನ್ನು ಪ್ರೈಮರಿ ಮಾಡಿಕೊಂಡು, ಡೇಟಾಬೇಸ್ ಶುರು ಮಾಡಿ, ಕ್ಲೈಂಟ್‌ಗಳು ಸಂಪರ್ಕಿಸುವ ವಿಳಾಸವಾದ ವರ್ಚುವಲ್ ಐಪಿಯನ್ನೂ ಹಾಕಿಕೊಂಡಿತು. ಹಳೆಯದು ತನ್ನದನ್ನು ಬಿಡಲೇ ಇಲ್ಲ. ಕೆಲವು ಕ್ಲೈಂಟ್‌ಗಳು ಇಲ್ಲಿ ಬರೆದವು, ಕೆಲವು ಅಲ್ಲಿ. ಹೊಸ ಕೇಬಲ್ ಹಾಕಿದ ಮೇಲೆ ಡಿಆರ್‌ಬಿಡಿ ಮತ್ತೆ ಸೇರಲು ಒಪ್ಪಲಿಲ್ಲ, ಲಾಗ್‌ನಲ್ಲಿ ಸ್ಪ್ಲಿಟ್ ಬ್ರೇನ್ ಅಂತ ಬರೆದು ಸುಮ್ಮನಾಯಿತು. ಒಂದು ಕಡೆಯ ಡೇಟಾ ಎಸೆಯಲೇಬೇಕು. ಎಸೆಯುವ ಮುಂಚೆ ಎರಡೂ ಕಡೆಯ ಸಾಲುಗಳನ್ನು ಹೋಲಿಸಿ ನೋಡುವುದರಲ್ಲಿ ಎರಡು ದಿನ ಕಳೆದವು. ಕ್ಲಸ್ಟರ್ ಇಲ್ಲದೇ ಇದ್ದಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇನ್ನೊಂದು ನೋಡ್ ಮಾತಾಡುತ್ತಿಲ್ಲ ಅನ್ನುವುದಕ್ಕೂ ಅದು ಸತ್ತಿದೆ ಅನ್ನುವುದಕ್ಕೂ ತುಂಬಾ ದೂರ ಇದೆ. ಕೇಬಲ್ ಕಿತ್ತುಹೋಗಿರಬಹುದು, ಕರ್ನಲ್ ಹ್ಯಾಂಗ್ ಆಗಿರಬಹುದು, ವಿಎಂ (ವರ್ಚುವಲ್ ಮೆಷಿನ್) ಆದರೆ ಸ್ನ್ಯಾಪ್‌ಶಾಟ್ ಹೊತ್ತಿಗೆ ಸ್ವಲ್ಪ ನಿಂತಿರಬಹುದು. ಈ ಕಡೆಯಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತದೆ. ಸತ್ತಿದೆ ಅಂತ ಖಾತ್ರಿ ಆಗಬೇಕಾದರೆ ನಾವೇ ಅದರ ಪವರ್ ಕತ್ತರಿಸಬೇಕು. ಸ್ಟೋನಿತ್ ಅನ್ನುವುದು 'ಶೂಟ್ ದಿ ಅದರ್ ನೋಡ್ ಇನ್ ದಿ ಹೆಡ್' ಎಂಬುದರ ಮೊದಲಕ್ಷರಗಳು. ಹೆಸರು ಒರಟು, ಆದರೆ ಕೆಲಸ ನಿಖರವಾಗಿ ಅದೇ. ಫೆನ್ಸಿಂಗ್ ಅಂದರೂ ಇದೇ. ಅದಾದ ಮೇಲೆಯೇ ಪೇಸ್‌ಮೇಕರ್ ಡೇಟಾವನ್ನು ಮುಟ್ಟುತ್ತದೆ. ನಿಮಗೆ ಬಂದ ಎರರ್ ನಿಮ್ಮ ಡೇಟಾ ಕಾಯುತ್ತಿತ್ತು.

ಫಿಸಿಕಲ್ ಸರ್ವರ್ ಆದರೆ, ದೂರದಿಂದಲೇ ಅದನ್ನು ಆನ್, ಆಫ್ ಮಾಡಿಸುವ ಐಪಿಎಂಐ ಮೂಲಕ ಫೆನ್ಸ್ ಮಾಡಬಹುದು. ವಿಎಂ ಆದರೆ ಅದನ್ನು ನಡೆಸುವ ಹೈಪರ್‌ವೈಸರ್‌ಗೆ ಹೇಳಿ ಆಫ್ ಮಾಡಿಸುವ ಫೆನ್ಸ್ ಏಜೆಂಟ್‌ಗಳಿವೆ. ಎರಡೂ ಆಗದಿದ್ದರೆ ಎಸ್‌ಬಿಡಿ ಮತ್ತು ಹಾರ್ಡ್‌ವೇರ್ ವಾಚ್‌ಡಾಗ್ ಇದೆ, ತೊಂದರೆಯಾದ ನೋಡ್ ತಾನೇ ರೀಬೂಟ್ ಆಗುವಂತೆ ಅವು ಮಾಡುತ್ತವೆ. ಐಪಿಎಂಐನಲ್ಲಿ ಒಂದು ಹಳ್ಳ ಇದೆ, ತುಂಬಾ ಜನ ಅದರಲ್ಲಿ ಬೀಳುತ್ತಾರೆ. ಸರ್ವರ್‌ಗೆ ಕರೆಂಟೇ ಹೋದರೆ ಅದರೊಳಗಿನ ಐಪಿಎಂಐ ಚಿಪ್ಪಿಗೂ ಕರೆಂಟ್ ಇಲ್ಲ. ಆಗ ಉಳಿದ ನೋಡ್ 'ಆಫ್ ಆಗು' ಅಂತ ಹೇಳಿದರೆ ಉತ್ತರ ಕೊಡುವವರು ಯಾರೂ ಇಲ್ಲ. ಖಾತ್ರಿ ಸಿಗದ ಕಾರಣ ಅದು ಕಾಯುತ್ತಲೇ ಇರುತ್ತದೆ, ಫೇಲ್‌ಓವರ್ ಆಗುವುದೇ ಇಲ್ಲ. ಅದಕ್ಕೇ ಎರಡನೇ ಹಂತವಾಗಿ, ಪವರ್ ಔಟ್‌ಲೆಟ್ ಅನ್ನೇ ಆಫ್ ಮಾಡುವ ಪಿಡಿಯು ಇಟ್ಟುಕೊಳ್ಳಿ. ಜೊತೆಗೆ ಪವರ್ ಬಟನ್ ಒತ್ತಿದಾಗ ನಿಧಾನವಾಗಿ ಶಟ್‌ಡೌನ್ ಆಗುವ ವ್ಯವಸ್ಥೆಯನ್ನು ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವುದು) ಲಾಗಿನ್‌ಡಿಯಲ್ಲಿ ತೆಗೆದುಹಾಕಿ. ಫೆನ್ಸ್ ಅಂದರೆ ತಕ್ಷಣ ಆಫ್ ಆಗಬೇಕು.

ಇನ್ನು ಎರಡೇ ನೋಡ್ ಇರುವುದರ ಕಷ್ಟ. ಬಹುಮತದ ವೋಟು ಇದ್ದರಷ್ಟೇ ಕ್ಲಸ್ಟರ್ ಕೆಲಸ ಮಾಡುತ್ತದೆ. ಎರಡರಲ್ಲಿ ಬಹುಮತ ಅಂದರೆ ಎರಡೂ ಇರಲೇಬೇಕು, ಅಲ್ವಾ? ಅದಕ್ಕೆ ಕೊರೊಸಿಂಕ್‌ನಲ್ಲಿ ಟೂ-ನೋಡ್ ಅನ್ನುವ ಸೆಟ್ಟಿಂಗ್ ಇದೆ, ಆಗ ಒಂದೇ ವೋಟಿಗೂ ಕೆಲಸ ನಡೆಯುತ್ತದೆ. ಅದರ ಜೊತೆಗೆ ವೇಟ್-ಫಾರ್-ಆಲ್ ತಾನಾಗಿಯೇ ಆನ್ ಆಗುತ್ತದೆ. ಎರಡೂ ನೋಡ್ ಮೊದಲ ಸಲ ಒಂದನ್ನೊಂದು ನೋಡುವ ತನಕ ಕ್ಲಸ್ಟರ್ ಶುರುವಾಗುವುದಿಲ್ಲ. ಕಿರಿಕಿರಿ ಅನ್ನಿಸಿದರೂ ಅದನ್ನು ತೆಗೆಯಬೇಡಿ. ಅದಿಲ್ಲದಿದ್ದರೆ ಹೊಡೆತ ತಿಂದು ರೀಬೂಟ್ ಆದ ನೋಡ್ ಎದ್ದ ಕೂಡಲೇ ಇನ್ನೊಂದನ್ನು ಹೊಡೆಯುತ್ತದೆ, ಅದು ಎದ್ದು ಇದನ್ನು ಹೊಡೆಯುತ್ತದೆ. ಕೇಬಲ್ ಸರಿಯಾಗುವ ತನಕ ಇದೇ ನಡೆಯುತ್ತದೆ.

ಲಿಂಕ್ ಹೋದಾಗ ಎರಡೂ ಒಟ್ಟಿಗೇ ಗುಂಡು ಹಾರಿಸಿ ಎರಡೂ ಆಫ್ ಆಗುವ ಅಪಾಯವೂ ಇದೆ. ಒಂದು ಫೆನ್ಸ್ ಡಿವೈಸ್‌ಗೆ 10 ಸೆಕೆಂಡ್ ಡಿಲೇ ಕೊಡಿ. ಯಾವ ನೋಡ್ ಉಳಿಯಬೇಕೋ, ಅದನ್ನು ಆಫ್ ಮಾಡುವ ಡಿವೈಸ್‌ಗೆ ಈ ಡಿಲೇ. ಇದನ್ನು ಉಲ್ಟಾ ಹಾಕುವವರು ಜಾಸ್ತಿ, ಎರಡು ಸಲ ನೋಡಿಕೊಳ್ಳಿ.

ಇದಕ್ಕಿಂತ ಒಳ್ಳೆಯ ದಾರಿ ಮೂರನೇ ಒಂದು ಪುಟ್ಟ ಮೆಷಿನ್. ಅದರಲ್ಲಿ ಕೊರೊಸಿಂಕ್ ಕ್ಯೂನೆಟ್‌ಡಿ ಮಾತ್ರ ಓಡಿಸಿ, ಟಿಸಿಪಿ ಪೋರ್ಟ್ 5403 ತೆರೆದಿಡಿ. ಅದು ಯಾವ ಸರ್ವಿಸನ್ನೂ ನಡೆಸುವುದಿಲ್ಲ, ಜಗಳ ಬಂದಾಗ ಒಂದು ವೋಟು ಹಾಕುತ್ತದೆ ಅಷ್ಟೆ. ಆದರೆ ಅದು ಈ ಎರಡು ನೋಡ್‌ಗಳ ಮೇಲೆಯೇ ಓಡುವ ವಿಎಂ ಆಗಿರಬಾರದು. ಈ ಮೆಷಿನ್ ಇದ್ದರೂ ಫೆನ್ಸಿಂಗ್ ಬೇಕೇ ಬೇಕು.

ಕೊರೊಸಿಂಕ್ 3ರಲ್ಲಿ 8 ಲಿಂಕ್‌ಗಳ ತನಕ ಕೊಡಬಹುದು. ಬೇರೆ ಬೇರೆ ಸ್ವಿಚ್ ಮೂಲಕ ಕನಿಷ್ಠ 2 ಕೊಡಿ. ನಮಗೆ ಆದದ್ದರಲ್ಲಿ ಅರ್ಧ ಇದೊಂದರಿಂದಲೇ ತಪ್ಪುತ್ತಿತ್ತು. ಡಿಆರ್‌ಬಿಡಿ ಕಡೆ ಪ್ರೋಟೋಕಾಲ್ ಸಿ ಇರಲಿ, ಆಗ ಎರಡೂ ಕಡೆ ಬರೆದ ಮೇಲೆಯೇ ರೈಟ್ ಮುಗಿಯುತ್ತದೆ. ಅದರ ಫೆನ್ಸಿಂಗ್ ಪಾಲಿಸಿಯನ್ನು ರಿಸೋರ್ಸ್-ಅಂಡ್-ಸ್ಟೋನಿತ್ ಮಾಡಿ, ಆಗ ಲಿಂಕ್ ಹೋದರೆ ಫೆನ್ಸಿಂಗ್ ಮುಗಿಯುವ ತನಕ ಡಿಆರ್‌ಬಿಡಿ ಬರೆಯುವುದನ್ನು ತಡೆದಿಡುತ್ತದೆ.

ರಿಸೋರ್ಸ್‌ಗಳ ಕ್ರಮ: ಮೊದಲು ಡಿಆರ್‌ಬಿಡಿ ಪ್ರೈಮರಿ ಆಗಬೇಕು, ಆಮೇಲೆ ಫೈಲ್‌ಸಿಸ್ಟಂ ಮೌಂಟ್, ಆಮೇಲೆ ಪೋಸ್ಟ್‌ಗ್ರೆಸ್, ವರ್ಚುವಲ್ ಐಪಿ ಕೊನೆಗೆ. ಐಪಿ ಮುಂಚೆ ಬಂದರೆ ಕ್ಲೈಂಟ್‌ಗಳು ಇನ್ನೂ ಏಳದ ಡೇಟಾಬೇಸ್‌ಗೆ ಬಡಿದು ವಾಪಸ್ ಹೋಗುತ್ತವೆ. ಪೋಸ್ಟ್‌ಗ್ರೆಸ್ ಸರ್ವಿಸನ್ನು ಸಿಸ್ಟಂಡಿಯಲ್ಲಿ ಡಿಸೇಬಲ್ ಮಾಡಿ, ಆ ಮೌಂಟ್ ಎಫ್‌ಎಸ್‌ಟ್ಯಾಬ್‌ನಲ್ಲೂ (ಬೂಟ್ ಆಗುವಾಗ ಮೌಂಟ್ ಮಾಡುವ ಪಟ್ಟಿ) ಇರಬಾರದು. ಒಡೆಯ ಒಬ್ಬನೇ ಇರಬೇಕು, ಅದು ಪೇಸ್‌ಮೇಕರ್. ಸ್ಟಾಪ್ ಟೈಮ್‌ಔಟ್ ಧಾರಾಳವಾಗಿ ಇಡಿ. ಸ್ಟಾಪ್ ವಿಫಲವಾದರೆ ಪೇಸ್‌ಮೇಕರ್ ಆ ನೋಡನ್ನೇ ಫೆನ್ಸ್ ಮಾಡುತ್ತದೆ. ದೊಡ್ಡ ಡೇಟಾಬೇಸ್ ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆ ಡಿಸ್ಕಿಗೆ ಬರೆಯುವುದು) ಮುಗಿಸಿ ನಿಲ್ಲಲು ಒಂದು ನಿಮಿಷ ಬೇಕಿದ್ದು, ನೀವು 20 ಸೆಕೆಂಡ್ ಕೊಟ್ಟರೆ ಆರೋಗ್ಯವಾಗಿದ್ದ ಮೆಷಿನ್ ಸುಮ್ನೆ ರೀಬೂಟ್ ಆಗುತ್ತದೆ. ರಿಸೋರ್ಸ್ ಸ್ಟಿಕಿನೆಸ್ 100 ಕೊಡಿ. ಇಲ್ಲದಿದ್ದರೆ ಹಳೆಯ ನೋಡ್ ವಾಪಸ್ ಬಂದ ಕೂಡಲೇ ಸರ್ವಿಸ್ ಮತ್ತೆ ಆ ಕಡೆ ಓಡಬಹುದು, ಎರಡನೇ ಸಲ ಅಡಚಣೆ.

ಅಂದಹಾಗೆ, ಡೇಟಾ ಇಲ್ಲದ, ಸುಮ್ನೆ ವೆಬ್ ಕೋರಿಕೆಗಳನ್ನು ದಾಟಿಸುವ ಎಂಜಿನ್‌ಎಕ್ಸ್ ಪ್ರಾಕ್ಸಿ ಮಾತ್ರ ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಐಪಿಯನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಕೀಪ್‌ಅಲೈವ್‌ಡಿ ಸಾಕು. ಅಲ್ಲಿ ಎರಡೂ ಕಡೆ ಐಪಿ ಸ್ವಲ್ಪ ಹೊತ್ತು ಇದ್ದರೂ ಕಳೆದುಕೊಳ್ಳಲು ಡೇಟಾ ಇಲ್ಲ.

ಕೊನೆಯದಾಗಿ ಪರೀಕ್ಷೆ. ನೋಡನ್ನು ಸ್ಟ್ಯಾಂಡ್‌ಬೈ ಮಾಡಿ ಸರ್ವಿಸ್ ಆ ಕಡೆ ಹೋಯಿತು ಅಂತ ಸಂತೋಷ ಪಡಬೇಡಿ, ಅದು ತುಂಬಾ ಸುಲಭದ ಪರೀಕ್ಷೆ. ಪ್ರತಿ ಸೆಕೆಂಡಿಗೆ ಒಂದು ನಂಬರ್ ಡೇಟಾಬೇಸ್‌ಗೆ ಬರೆದು, ಕಮಿಟ್ ಆದದ್ದನ್ನು ಬೇರೆ ಮೆಷಿನ್‌ನಲ್ಲಿ ಗುರುತು ಹಾಕಿಕೊಳ್ಳುವ ಸ್ಕ್ರಿಪ್ಟ್ ಓಡಿಸಿ. ಅದು ಓಡುತ್ತಿರುವಾಗಲೇ ಸಿಸ್‌ಆರ್‌ಕ್ಯು (ಕರ್ನಲ್‌ಗೆ ನೇರವಾಗಿ ಆದೇಶ ಕೊಡುವ ದಾರಿ) ಮೂಲಕ ಕರ್ನಲ್ ಕ್ರ್ಯಾಶ್ ಮಾಡಿ. ಇನ್ನೊಂದು ದಿನ ಕೊರೊಸಿಂಕ್‌ನ ಎಲ್ಲ ಲಿಂಕ್‌ಗಳ ಯುಡಿಪಿ ಪೋರ್ಟ್‌ಗಳನ್ನು (ಮೊದಲ ಲಿಂಕಿಗೆ 5405, ಎರಡನೆಯದಕ್ಕೆ 5406) ಫೈರ್‌ವಾಲ್‌ನಲ್ಲಿ ಎರಡೂ ದಿಕ್ಕಿಗೆ ಮುಚ್ಚಿ. ಮತ್ತೊಂದು ದಿನ ಪವರ್ ಕೇಬಲ್ ಕಿತ್ತು ನೋಡಿ. ಪ್ರತಿ ಸಲ ಕಮಿಟ್ ಆದ ಒಂದು ನಂಬರೂ ಕಾಣೆಯಾಗಿರಬಾರದು. ಇದರ ಜೊತೆ ಬ್ಯಾಕಪ್ ಬೇರೆಯೇ ಇರಲಿ, ಯಾರೋ ತಪ್ಪಿ ಟೇಬಲ್ ಡಿಲೀಟ್ ಮಾಡಿದರೆ ಡಿಆರ್‌ಬಿಡಿ ಅದನ್ನೂ ಅದೇ ಕ್ಷಣದಲ್ಲಿ ಕಾಪಿ ಮಾಡುತ್ತದೆ.

ನಿಮ್ಮ ನೋಡ್‌ಗಳು ಫಿಸಿಕಲ್ಲಾ, ವಿಎಂಗಳಾ ಅಂತ ನೀವು ಬರೆದಿಲ್ಲ. ಅದೊಂದು ತಿಳಿಸಿ, ಯಾವ ಫೆನ್ಸ್ ಏಜೆಂಟ್ ಹೊಂದುತ್ತದೆ, ಅದಕ್ಕೆ ಯಾವ ಸೆಟ್ಟಿಂಗ್ ಬೇಕು ಅಂತ ಬರೆಯುತ್ತೇನೆ. ಅಲ್ಲಿಯ ತನಕ ಸ್ಟೋನಿತ್ ಮತ್ತೆ ಆನ್ ಮಾಡಿ, ಡೇಟಾಬೇಸ್ ಅನ್ನು ಒಂದೇ ಸರ್ವರ್‌ನಲ್ಲಿ ಕ್ಲಸ್ಟರ್ ಇಲ್ಲದೆ ಓಡಿಸಿ.