ವಿಮಾನ ನಿಲ್ದಾಣ ಬಿಡಿ, ಮೆಟ್ಟಿಲು ಗುಡಿಸಿದ್ದು ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ಕಣ್ಣೀರಿನ ವಿದಾಯ’ ಲೇಖನ ಓದಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ನಾವು ಇದನ್ನು ಹಾಕೋದಿಲ್ಲ. ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ನೀವು ಕೊನೆವರೆಗೂ ಅದೊಂದನ್ನೇ ಹುಡುಕುತ್ತಾ ಓದುತ್ತೀರಿ. ಹೆಸರು ಹಾಕಬೇಡಿ ಎಂದಿರಿ, ಹಾಕಿಲ್ಲ. ಎಲ್ಲರ ಮುಂದೆ ಉತ್ತರಿಸುತ್ತಿರುವುದು ಯಾಕೆಂದರೆ, ಹೊರದೇಶದಿಂದ ವಾಪಸು ಬಂದವರ ಇಂಥ ಬರಹ ನಮಗೆ ಆಗಾಗ ಬರುತ್ತದೆ, ಹೆಚ್ಚುಕಡಿಮೆ ಎಲ್ಲರೂ ಇದೇ ತಪ್ಪು ಮಾಡುತ್ತಾರೆ.

ಓದುವ ಉಳಿದವರಿಗೆ ಎರಡು ಮಾತು. ಇವರು ಅರಸೀಕೆರೆ ಕಡೆಯವರು. ಡಿಗ್ರಿ ಮುಗಿಸಿ ಜರ್ಮನಿಯ ಎಸ್ಲಿಂಗೆನ್‌ಗೆ ಹೋದರು, ಸ್ಟುಟ್‌ಗಾರ್ಟ್ ಪಕ್ಕದ ಊರು. ಅಲ್ಲಿ ಅಂಗವಿಕಲರ ಒಂದು ಕೇಂದ್ರದಲ್ಲಿ ಒಂದು ವರ್ಷ ಸ್ವಯಂಸೇವೆ, ವಾಸ ಒಂದು ಕುಟುಂಬದ ಜೊತೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಕೆಳಗಿನ ಮನೆಯಲ್ಲಿ ಓಮಾ, ಅಂದರೆ ಅಜ್ಜಿ. ಆ ಮನೆಯಿಂದ ಹೊರಟು ಬಂದದ್ದೇ ಲೇಖನದ ವಿಷಯ.

ಈಗ ನನ್ನ ತಕರಾರು. ಲೇಖನದ ಜೊತೆ ನೀವೊಂದು ಮೇಲ್ ಬರೆದಿದ್ದೀರಿ. ‘ಸರ್, ಉದ್ದ ಆಯ್ತೇನೋ, ಕ್ಷಮಿಸಿ’ ಅಂತ ಶುರುವಾಗಿ, ಅದು ಇದು ಹೇಳುತ್ತಾ ಒಂದೂವರೆ ಪುಟ ಹೋಗುತ್ತದೆ. ಆ ಮೇಲ್ ನಿಮ್ಮ ಲೇಖನಕ್ಕಿಂತ ಹತ್ತು ಪಾಲು ಚೆನ್ನಾಗಿದೆ! ಮೇಲ್ ಬರೆದವರು ನೀವು. ಲೇಖನ ಬರೆದವರು ಯಾರೋ ಭಾಷಣ ಸ್ಪರ್ಧೆಗೆ ಹೊರಟವರು.

ಲೇಖನದಲ್ಲಿ ‘ಕಣ್ಣುಗಳು ತೇವಗೊಂಡವು’ ಐದು ಸಲ ಬಂದಿದೆ, ಎಣಿಸಿದೆ. ಮೂರನೇ ಸಲ ಯಾರ ಕಣ್ಣು ಅಂತಲೇ ಗೊತ್ತಾಗಲಿಲ್ಲ. ‘ನನ್ನ ಹೃದಯದ ಒಂದು ತುಣುಕನ್ನು ಅಲ್ಲಿಯೇ ಬಿಟ್ಟು ಬಂದೆ’ ಅನ್ನುವ ಸಾಲು ಇಂಗ್ಲಿಷಿನಿಂದ ಬಂದು ಕನ್ನಡ ಅಕ್ಷರ ತೊಟ್ಟು ಕೂತಿದೆ. ನಿಮ್ಮ ಅಮ್ಮನ ಎದುರು ಹೀಗೆ ಹೇಳಿದರೆ ಅವರು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ‘ಎರಡು ಸಂಸ್ಕೃತಿಗಳ ನಡುವಿನ ಸೇತುವೆ’ಯನ್ನೂ ತೆಗೆಯಿರಿ. ಆ ಸೇತುವೆಯ ಮೇಲೆ ಇದುವರೆಗೆ ಎಷ್ಟು ಜನ ಓಡಾಡಿದ್ದಾರೋ, ಇನ್ನು ತಡೆಯೋದಿಲ್ಲ.

ಮನೆಯಾಕೆ ಹೊರಡುವಾಗ ನಿಮಗೆ ಹೇಳಿದ್ದು ಅಂತ ಬರೆದಿದ್ದೀರಿ: ‘ಮಗಳೇ, ನೀನು ನಮ್ಮ ಕುಟುಂಬದ ಅವಿಭಾಜ್ಯ ಅಂಗವಾಗಿಬಿಟ್ಟಿರುವೆ.’ ಯಾವ ಭಾಷೆಯಲ್ಲೂ ಯಾರೂ ಹೀಗೆ ಮಾತಾಡೋದಿಲ್ಲ. ಅದೇ ಮೇಲ್‌ನಲ್ಲಿ ನೋಡಿ, ನಿಜವಾಗಿ ಆಗಿದ್ದು ಬೇರೆ. ‘ಬಾಗಿಲ ಹತ್ತಿರ ಅವರು ಕೈ ಚಾಚಿದರು, ನಾನು ತಬ್ಬಿಕೊಳ್ಳೋಕೆ ಅಂದುಕೊಂಡೆ, ಅವರು ಕೇಳಿದ್ದು ಕೀ. ಕೊಟ್ಟೆ. ಎಣಿಸಿ ತಗೊಂಡರು, ಮೇಲಿಂದು, ಕೆಳಗಿಂದು, ಸೈಕಲ್‌ದು.’ ಇದನ್ನು ಓದಿ ನಾನು ಎದ್ದು ಒಂದು ಸುತ್ತು ಹಾಕಿ ಬಂದೆ, ನಿಜ. ಇದನ್ನು ಯಾಕೆ ಲೇಖನಕ್ಕೆ ಹಾಕಲಿಲ್ಲ? ಅವರು ಒರಟು ಜನ ಅಂತ ಓದುಗರು ತಿಳಿದಾರು ಅನ್ನೋ ಭಯವಾ? ಒಂದು ವರ್ಷ ಮನೆಯಲ್ಲಿದ್ದ ಹುಡುಗಿಯ ಕೈಯಿಂದ ಕೀ ತಗೊಂಡು ಎಣಿಸುವ ಹೆಂಗಸಿನ ಮನಸ್ಸಲ್ಲಿ ಏನು ನಡೀತಿತ್ತು ಅಂತ ಓದುಗರು ತಾವೇ ಯೋಚಿಸಿಕೊಳ್ಳುತ್ತಾರೆ. ನೀವು ಸುಮ್ನೆ ತೋರಿಸಿ, ವಕಾಲತ್ತು ಬೇಡ.

ಅವರನ್ನು ಲೇಖನದ ಉದ್ದಕ್ಕೂ ‘ನನ್ನ ಜರ್ಮನ್ ತಾಯಿ’ ಎಂದಿದ್ದೀರಿ. ಮೇಲ್‌ನಲ್ಲಿ ಏನಿದೆ? ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ನೀವೂ ಹಾಗೇ ಕರೆಯಿರಿ ಎಂದಿದ್ದರು, ಆದರೆ ಅಮ್ಮನ ವಯಸ್ಸಿನವರ ಹೆಸರು ನಿಮ್ಮ ಬಾಯಲ್ಲಿ ಬರಲಿಲ್ಲ. ಆಂಟಿ ಅಂದರೆ ಅವರಿಗೆ ವಿಚಿತ್ರ. ಹಾಗಾಗಿ ಮೂರು ತಿಂಗಳು ಏನೂ ಕರೆಯದೆ, ಅವರು ಅಡುಗೆಮನೆಯಲ್ಲಿದ್ದರೆ ಅಡುಗೆಮನೆಗೆ, ಬಟ್ಟೆ ಒಣಗಿಸುತ್ತಿದ್ದರೆ ನೆಲಮಾಳಿಗೆಗೆ ನಡೆದುಹೋಗಿ, ಎದುರು ನಿಂತು, ಅವರು ತಲೆ ಎತ್ತುವ ತನಕ ಕಾದು ಮಾತಾಡಿಸುತ್ತಿದ್ದಿರಿ. ಇದು ಒಳ್ಳೇ ಬರವಣಿಗೆ ಕಣ್ರೀ. ‘ತಾಯಿ’ ಅಂದ ಕೂಡಲೇ ಇದೆಲ್ಲ ಮುಚ್ಚಿಹೋಯಿತು. ಕೊನೆಗೆ ಹೆಸರು ಹಿಡಿದು ಕರೆದಿರಾ, ಇಲ್ವಾ? ಅದನ್ನು ಎಲ್ಲೂ ಹೇಳಿಲ್ಲ.

ಈಗ ಕೇರ್‌ವೋಖೆ, ಅಂದರೆ ಸರದಿಯ ಮೇಲೆ ಬರುವ ಗುಡಿಸುವ ವಾರ. ನನ್ನ ಪ್ರಕಾರ ನಿಮ್ಮ ಲೇಖನ ಇರೋದು ಇದರಲ್ಲಿ.

ಲೇಖನದಲ್ಲಿ ಇದಕ್ಕೆ ಸಿಕ್ಕಿರುವುದು ಒಂದು ಪ್ಯಾರಾ, ಅದೂ ಎಲ್ಲಿಂದಲೋ ಎತ್ತಿ ತಂದ ಚರಿತ್ರೆ. ಹಳೇ ಕಾಲದ ನಗರಾಜ್ಞೆಗಳು, ಶ್ವಾಬಿಯಾ (ಸ್ಟುಟ್‌ಗಾರ್ಟ್ ಸುತ್ತಲಿನ ಸೀಮೆ) ಜನ ಸ್ವಚ್ಛತೆಗೆ ಹೆಸರಾದವರು, ಇತ್ಯಾದಿ. ಅದರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ: ಸ್ಟುಟ್‌ಗಾರ್ಟ್ ನಗರ ತನ್ನ ಕೇರ್‌ವೋಖೆ ನಿಯಮವನ್ನು 1988ರಲ್ಲೇ ಕೈಬಿಟ್ಟಿತು, ಆದರೂ ಆ ಕಡೆಯ ಜನ ಇವತ್ತಿಗೂ ಬಿಟ್ಟಿಲ್ಲ. ಬಾಡಿಗೆ ಕರಾರಿನಲ್ಲೇ ಬರೆದಿರುತ್ತಾರೆ. ಇಷ್ಟು ಸಾಕು. ಉಳಿದದ್ದನ್ನು ತೆಗೆದು, ಮೇಲ್‌ನಲ್ಲಿ ಹೇಳಿದ್ದನ್ನು ಅಲ್ಲಿ ತನ್ನಿ. ಮೂರು ಮಹಡಿ, ಮೂರು ಮನೆ. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಹಲಗೆ ನೇತುಹಾಕಿರುತ್ತದೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸೋದು ಅವರ ಕೆಲಸ. ಮುಗಿಸಿದ ಮೇಲೆ ಹಲಗೆಯನ್ನು ಮುಂದಿನವರ ಬಾಗಿಲಿಗೆ ಹಾಕಿ ಬರಬೇಕು. ಮಾತಿಲ್ಲ ಕತೆಯಿಲ್ಲ, ಬಾಗಿಲು ತೆಗೆದಾಗ ಹಲಗೆ ಕಂಡರೆ ಮುಗೀತು, ಈ ವಾರ ನೀವು.

ನೀವು ಹೊರಡುವ ವಾರ ನಿಮ್ಮ ಮನೆಯ ಸರದಿ ಬಂದಿತ್ತು. ಮನೆಯಾಕೆ ‘ನೀನು ಪ್ಯಾಕ್ ಮಾಡ್ಕೋ, ನಾನು ಮಾಡ್ತೀನಿ’ ಎಂದರು. ನೀವು ಬೇಡ ಅಂತ ಪೊರಕೆ ತಗೊಂಡು ಹೊರಟಿರಿ. ಮೇಲಿನ ಮೆಟ್ಟಿಲಿಂದ ಶುರು ಮಾಡಿ ಕೆಳಗೆ ಬರುವಾಗ ಅರಸೀಕೆರೆಯಿಂದ ಫೋನ್. ಏನು ಮಾಡ್ತಿದ್ದೀಯ ಅಂದದ್ದಕ್ಕೆ ಮೆಟ್ಟಿಲು ಗುಡಿಸ್ತಿದ್ದೀನಿ ಎಂದಿರಿ. ಅಮ್ಮ ಬೈದರು: ‘ಊರಿಗೆ ಹೊರಟು ನಿಂತು ಪೊರಕೆ ಹಿಡೀತಾರೇನೇ? ನೀನು ಹೋದಮೇಲೂ ಅವರಿಗೆ ಗುಡಿಸಬೇಡಿ ಅಂತ ಹೇಳು.’

ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ನಮ್ಮ ಮನೆಯಲ್ಲೂ ಅಷ್ಟೇ, ನೆಂಟರು ಬಸ್ ಹತ್ತಿದರು ಅಂತ ಗೊತ್ತಾಗುವ ತನಕ ಅಜ್ಜಿ ಪೊರಕೆ ಮುಟ್ಟೋಕೆ ಬಿಡ್ತಿರಲಿಲ್ಲ, ಪುರಿ ಚೆಲ್ಲಿದ್ದರೂ ಅಲ್ಲೇ ಬಿದ್ದಿರಬೇಕು. ಹೊರಟವರ ಹಿಂದೆ ಗುಡಿಸಿದರೆ ಅವರನ್ನೇ ಗುಡಿಸಿ ಹಾಕಿದ ಹಾಗೆ ಅಂತ ನಮ್ಮ ಲೆಕ್ಕ. ಆ ಊರಿನ ಲೆಕ್ಕದಲ್ಲಿ ಗುಡಿಸದೆ ಹೋದವರು ಮನೆಯವರೇ ಅಲ್ಲ. ನೀವು ಎರಡರ ಮಧ್ಯೆ, ಎರಡನೇ ಮಹಡಿಯ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಫೋನ್ ಇನ್ನೊಂದರಲ್ಲಿ ಪೊರಕೆ ಹಿಡಿದು ನಿಂತಿದ್ದೀರಿ. ಇಷ್ಟೆಲ್ಲ ಇಟ್ಟುಕೊಂಡು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಎರಡು ಪುಟ ಕೊಟ್ಟಿದ್ದೀರಲ್ಲ, ಏನು ಹೇಳಲಿ. ಅಲ್ಲಿ ನಡೆದದ್ದು ಎಲ್ಲರಿಗೂ ನಡೆಯುವಂಥದ್ದೇ. ತೂಕ ಜಾಸ್ತಿ ಆಯ್ತು, ಚಾಕೊಲೇಟ್ ತೆಗೆದು ಕೈಚೀಲಕ್ಕೆ ಹಾಕಿದಿರಿ. ಎರಡು ಸಾಲಲ್ಲಿ ಮುಗಿಸಿ, ಅಥವಾ ಪೂರ್ತಿ ಬಿಡಿ.

ಇನ್ನೊಂದು ದೃಶ್ಯವೂ ಮೇಲ್‌ನಲ್ಲೇ ಉಳಿದಿದೆ. ಜರ್ಮನಿ ಬಿಡುವ ಮುಂಚೆ ಊರಿನ ಕಚೇರಿಗೆ ಹೋಗಿ ಹೆಸರು ತೆಗೆಸಬೇಕು, ಆಬ್‌ಮೆಲ್ಡುಂಗ್ ಅಂತಾರೆ. ಹೊರಡುವುದಕ್ಕೆ ಒಂದು ವಾರಕ್ಕಿಂತ ಮೊದಲು ಮಾಡಿಕೊಡೋದಿಲ್ಲ. ನಿಮ್ಮ ಜೊತೆ ಬಂದದ್ದು ಮನೆಯಾತ. ಹೋದ ವರ್ಷ ಹೆಸರು ಬರೆಸುವಾಗ ‘ಇವಳು ನಮ್ಮ ಮನೆಯಲ್ಲಿ ಇರುತ್ತಾಳೆ’ ಅಂತ ಸಹಿ ಹಾಕಿಕೊಟ್ಟವರೂ ಅವರೇ. ಗುಮಾಸ್ತೆ ಹೊಸ ವಿಳಾಸ ಕೇಳಿದಾಗ ‘ಅರಸೀಕೆರೆ’ಯ ಒಂದೊಂದೇ ಅಕ್ಷರ ಹೇಳಿ ಬರೆಸಿದಿರಿ, ಅವರು ಪಕ್ಕದಲ್ಲಿ ಕೂತು ತಾವೂ ಒಂದು ಚೀಟಿಯಲ್ಲಿ ಬರೆದುಕೊಂಡರು. ಇಲ್ಲಿ ಯಾರೂ ಅಳೋದಿಲ್ಲ. ಈ ಚೀಟಿಯನ್ನು ದಯವಿಟ್ಟು ಲೇಖನಕ್ಕೆ ತನ್ನಿ.

ಮಾತಿನ ವಿಷಯ. ಶ್ವಾಬಿಯಾ ಕಡೆ ಹೊರಡುವಾಗ ‘ಅದೇ’ ಅಂತಾರಂತೆ, ‘ದೇ’ ಮೇಲೆ ಒತ್ತು ಹಾಕಿ. ಮೊದಲ ವಾರ ಬ್ರೆಡ್ ಅಂಗಡಿಯವಳು ಚಿಲ್ಲರೆ ಕೊಟ್ಟು ‘ಅದೇ’ ಅಂದಾಗ, ನಿಮಗೆ ಕನ್ನಡ ಕೇಳಿಸಿ, ‘ಯಾವುದು?’ ಅಂತ ತಿರುಗಿ ನೋಡಿದಿರಿ. ಇಂಥದ್ದನ್ನು ಮೇಲ್‌ನಲ್ಲಿ ಜೋಕ್ ಮಾಡಿ ಬಿಟ್ಟು, ಲೇಖನದಲ್ಲಿ ‘ವಿದಾಯ ಕೋರಿದರು’ ಅಂತ ಬರೆಯೋದಾ? ಕನ್ನಡದವರಿಗೆ ಮಾತ್ರ ಕೇಳಿಸುವ ಜೋಕು ಅದು! ಬದಲಿಗೆ ‘ನಮ್ಮಲ್ಲಿ ಹೋಗ್ತೀನಿ ಅನ್ನೋದಿಲ್ಲ, ಹೋಗಿ ಬರ್ತೀನಿ ಅಂತೀವಿ’ ಅನ್ನೋ ಪ್ಯಾರಾ ಹಾಕಿದ್ದೀರಿ. ನಿಜ, ಒಳ್ಳೇ ಮಾತು. ನನ್ನ ಮೇಜಿನ ಮೇಲೆ ಅದೇ ಪ್ಯಾರಾ ಇನ್ನೂ ಮೂರು ಲೇಖನಗಳಲ್ಲಿ ಇದೆ.

ಕಿಟ್ಟೆಲ್ ಬಗ್ಗೆ ಅರ್ಧ ಪುಟ. ಜರ್ಮನಿಗೆ ಹೋದ ಕನ್ನಡಿಗರೆಲ್ಲ ಕಿಟ್ಟೆಲ್‌ಗೆ ಕೈಮುಗಿದೇ ಬರುತ್ತಾರೆ, ಬರಲಿ. ಆದರೆ ನಿಘಂಟು 1894ರಲ್ಲಿ ಬಂತು ಅನ್ನೋದು ನಮ್ಮ ಓದುಗರಿಗೆ ಗೊತ್ತು. ತಮಾಷೆ ಏನಂದ್ರೆ, ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಮೊಗ್ಲಿಂಗ್ ತೀರಿಕೊಂಡದ್ದು ನೀವು ಒಂದು ವರ್ಷ ಇದ್ದ ಎಸ್ಲಿಂಗೆನ್‌ನಲ್ಲೇ, 1881ರಲ್ಲಿ. ಅದು ಲೇಖನದಲ್ಲಿಲ್ಲ. ಹಾಗಂತ ಈಗ ಅವರ ಬಗ್ಗೆ ಅರ್ಧ ಪುಟ ಬರೆದು ಕಳಿಸಬೇಡಿ ಮತ್ತೆ. ಮನೆಯಾತನಿಗೆ ಕಿಟ್ಟೆಲ್ ಹೆಸರೇ ಗೊತ್ತಿರಲಿಲ್ಲ, ನೀವು ಹರಕುಮುರುಕು ಜರ್ಮನ್‌ನಲ್ಲಿ ಹೇಳಿದಿರಿ, ಅವರು ‘ನಮ್ಮವನು ನಿಮ್ಮ ಡಿಕ್ಷನರಿ ಮಾಡಿದನಾ?’ ಅಂತ ಅನುಮಾನದಿಂದ ನೋಡಿದರು ಎಂದಿದ್ದೀರಲ್ಲ, ಅಷ್ಟು ಸಾಕು.

ಜಗಳ. ‘ಸಣ್ಣಪುಟ್ಟ ಭಿನ್ನಾಭಿಪ್ರಾಯಗಳು ಸಹಜ’ ಅಂತ ಒಂದು ಸಾಲಲ್ಲಿ ದಾಟಿದ್ದೀರಿ. ಜನವರಿಯಲ್ಲಿ ಹೀಟರ್ ಪೂರ್ತಿ ಹಾಕಿ, ಕಿಟಕಿಯನ್ನು ಅರ್ಧ ವಾಲಿಸಿಟ್ಟು ಕೆಲಸಕ್ಕೆ ಹೋದಿರಿ. ಅವರ ಪದ್ಧತಿ ಬೇರೆ: ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆಗೆದು, ಐದು ಹತ್ತು ನಿಮಿಷ ಗಾಳಿ ಆಡಿಸಿ ಮುಚ್ಚಬೇಕು. ಸಂಜೆ ಬಂದರೆ ಫ್ರಿಜ್ ಮೇಲೆ ಚೀಟಿ, ಎರಡು ದಿನ ಮಾತಿಲ್ಲ. ನಿಮಗೆ ಅವಮಾನ ಆಯ್ತು, ಊರಿಗೆ ಟಿಕೆಟ್ ರೇಟ್ ನೋಡಿದಿರಿ. ಇದನ್ನು ಬಚ್ಚಿಟ್ಟರೆ ಕೊನೆಯಲ್ಲಿ ಯಾರು ಯಾರಿಂದ ದೂರ ಆಗ್ತಿದ್ದಾರೆ ಅನ್ನೋದೇ ತಿಳಿಯೋದಿಲ್ಲ. ಮೂರನೇ ದಿನ ಅವರು ಸಾಸೇಜ್ ಹಾಕದೆ ಲಿನ್ಸೆನ್ ಮಾಡಿದರು, ಜೊತೆಗೆ ಹಿಟ್ಟನ್ನು ಹಲಗೆಯಿಂದ ಕೆರೆದು ಬಿಸಿನೀರಿಗೆ ಬಿಡುವ ಶ್ಪೆಟ್ಸ್ಲೆ. ‘ನಮ್ಮ ಬೇಳೆ ಥರಾನೇ, ಆದರೆ ವಿನೆಗರ್ ಹಾಕ್ತಾರೆ’ ಎಂದಿದ್ದೀರಿ. ನೀವು ಉಂಡಿರಾ, ಎಷ್ಟು ಬಡಿಸಿಕೊಂಡಿರಿ, ಯಾರು ಮೊದಲು ಮಾತಾಡಿದರು?

ಈ ಸ್ವಯಂಸೇವೆಗೆ ಹೋಗುವುದು ಹೇಗೆ ಅಂತ ಓದುಗರು ಕೇಳೇ ಕೇಳುತ್ತಾರೆ, ಎರಡು ಸಾಲು ಹಾಕಿ. 2011ರಲ್ಲಿ ಜರ್ಮನಿ ಕಡ್ಡಾಯ ಸೈನ್ಯಸೇವೆ ನಿಲ್ಲಿಸಿತು. ಸೇನೆ ಬೇಡ ಎಂದ ಹುಡುಗರು ಅದರ ಬದಲು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಮಾಡುತ್ತಿದ್ದ ಕೆಲಸವೂ ನಿಂತಿತು, ಆ ಜಾಗಕ್ಕೆ ಬಂದದ್ದು ಈಗಿನ ಬುಂಡೆಸ್‌ಫ್ರೈವಿಲಿಗೆನ್‌ಡೀನ್ಸ್ಟ್, ಅಂದರೆ ಸರ್ಕಾರದ ಸ್ವಯಂಸೇವಾ ಯೋಜನೆ. ಜರ್ಮನ್ ಯುವಕರನ್ನು ನಮ್ಮಂಥ ದೇಶಗಳಿಗೆ ಕಳಿಸುವ ವೆಲ್ಟ್‌ವೆರ್ಟ್ಸ್ ಯೋಜನೆ 2008ರಿಂದ ಇದೆ. ಇಲ್ಲಿಂದ ಅಲ್ಲಿಗೆ ಹೋಗುವ ದಾರಿ ಅದರಲ್ಲಿ ತೆರೆದದ್ದು 2013ರಲ್ಲಿ. ಕೈಖರ್ಚಿಗೆ ಎಷ್ಟು ಸಿಗುತ್ತಿತ್ತು, ಅದರಲ್ಲಿ ಎಷ್ಟು ಉಳೀತು ಅನ್ನೋದನ್ನೂ ಬರೆಯಿರಿ. ದುಡ್ಡಿನ ಮಾತು ಅಂದರೆ ನಮ್ಮ ಲೇಖಕರಿಗೆ ಅದೇನು ನಾಚಿಕೆಯೋ.

ಕೊನೆಯದು, ಇದರಲ್ಲಿ ಚೌಕಾಸಿ ಇಲ್ಲ. ಓಮಾಗೆ ಮರೆವು ಶುರುವಾಗಿದೆ, ನಿಮ್ಮನ್ನು ಹಳೇ ಯಾರದೋ ಹೆಸರಿಂದ ಕರೆಯುತ್ತಿದ್ದರು ಅಂತ ಬರೆದಿದ್ದೀರಿ. ಕನ್ನಡದಲ್ಲಿದೆ, ಅವರಿಗೆಲ್ಲಿ ತಿಳಿಯುತ್ತೆ ಅಂದುಕೊಳ್ಳಬೇಡಿ, ಈಗ ಫೋನ್ ಹಿಡಿದರೆ ಅನುವಾದ ಆಗುತ್ತದೆ. ಮನೆಯವರನ್ನು ಕೇಳಿ. ಬೇಡ ಎಂದರೆ ಆ ಭಾಗ ತೆಗೆಯಿರಿ, ನನಗೂ ಬೇಸರವಾಗುತ್ತದೆ, ಆದರೂ ತೆಗೆಯಿರಿ. ಎಲ್ಲರ ಹೆಸರನ್ನೂ ಬದಲಿಸಿ.

ಮೂರು ಸಾವಿರ ಪದ ಇದೆ, ಅರ್ಧಕ್ಕೆ ಇಳಿಸಿ. ಒಂದು ತಿಂಗಳು ತಗೊಳ್ಳಿ. ಬರೆಯುವಾಗ ಲೇಖನ ಅಂದುಕೊಳ್ಳಬೇಡಿ, ನನಗೆ ಇನ್ನೊಂದು ಮೇಲ್ ಅಂದುಕೊಂಡು ಬರೆಯಿರಿ, ಕ್ಷಮೆ ಕೇಳುವ ಸಾಲು ಮಾತ್ರ ಬೇಡ. ಮತ್ತೆ ಆ ಕೀ ವಿಷಯ ಒಮ್ಮೆ ನೋಡಿ. ಮೂರನೆಯದು ಸೈಕಲ್‌ದು ಅಂತ ಒಂದು ಕಡೆ ಇದೆ, ಮೇಲ್‌ನ ಕೊನೆಯ ಟಿಪ್ಪಣಿಯಲ್ಲಿ ನೆಲಮಾಳಿಗೆಯದು ಅಂತ ಇದೆ. ಯಾವುದು?