ಕ್ಯಾಡ್ಮಿಯಂ, ಸೀಸ ಇರುವ ಮಣ್ಣಿಗೆ ಬ್ಯಾಕ್ಟೀರಿಯಾ ದ್ರಾವಣ ಹಾಕುವ ಮೊದಲು

ಸರ್, ಮಣ್ಣು ಪರೀಕ್ಷೆಯಲ್ಲಿ ಕ್ಯಾಡ್ಮಿಯಂ, ಸೀಸ ಎರಡೂ ಜಾಸ್ತಿ ಬಂದಿದೆ, ಬ್ಯಾಕ್ಟೀರಿಯಾ ದ್ರಾವಣ ಹಾಕಿದರೆ ಅವು ಲೋಹ ತಿಂದು ಮುಗಿಸುತ್ತವಾ, ಆಮೇಲೆ ಪಾಲಕ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಪಾಲಕ್ ಬೇಡ.

ಡೀಸೆಲ್ ಚೆಲ್ಲಿದ ಮಣ್ಣಾಗಿದ್ದರೆ ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆದು ಹಾಕುತ್ತಿದ್ದವು. ಲೋಹ ಹಾಗಲ್ಲ, ಅದನ್ನು ಒಡೆಯಲು ಯಾವ ಜೀವಿಗೂ ಆಗುವುದಿಲ್ಲ. ನಿಮ್ಮ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಲೋಹವನ್ನು ಕದಲದಂತೆ ಹಿಡಿದಿಡಬಹುದು, ಇಲ್ಲವೇ ಸಡಿಲಿಸಿ ಬೇರಿನ ಬಾಯಿಗೆ ಕೊಡಬಹುದು. ಯಾವುದು ಆಗುತ್ತದೆ ಅನ್ನುವುದೇ ಮುಖ್ಯ.

ಅಲ್ಲಿರುವ ಒಂದು ಹುಲ್ಲಿನ ಬುಡ ನಿಧಾನಕ್ಕೆ ಕಿತ್ತು ಕೊಡವಿ ನೋಡಿ. ಎಷ್ಟು ಕೊಡವಿದರೂ ಉದುರದೆ ಬೇರಿಗೆ ಅಂಟಿಕೊಂಡಿರುತ್ತಲ್ಲ ತೆಳ್ಳಗಿನ ಮಣ್ಣು, ಕೆಲವೇ ಮಿಲಿಮೀಟರ್, ಹೆಚ್ಚಿನ ವ್ಯವಹಾರ ನಡೆಯುವುದು ಅಲ್ಲೇ. 1904ರಲ್ಲಿ ಜರ್ಮನಿಯ ಲೊರೆನ್ಜ್ ಹಿಲ್ಟ್ನರ್ ಇದಕ್ಕೆ ರೈಜೋಸ್ಫಿಯರ್ ಅಂತ ಹೆಸರಿಟ್ಟರು. ಬೇರು ಅಲ್ಲಿ ಸಕ್ಕರೆ, ಆಮ್ಲ ಒಸರಿಸುತ್ತದೆ. ಅದನ್ನು ಉಂಡು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕೆಲವು ಬ್ಯಾಕ್ಟೀರಿಯಾ ಗಿಡದಲ್ಲಿ ಎಥಿಲೀನ್ (ಕಷ್ಟ ಬಂದಾಗ ಗಿಡದಲ್ಲಿ ಹೆಚ್ಚಿ ಬೇರಿನ ಬೆಳವಣಿಗೆ ತಡೆಯುವ ಹಾರ್ಮೋನು) ಏರದಂತೆ ತಡೆಯುತ್ತವೆ, ಹಾಗಾಗಿ ಲೋಹದ ಕಾಟದಲ್ಲೂ ಬೇರು ಬೆಳೆಯುತ್ತದೆ.

ನನಗೆ ಭಯ ಇರುವುದು ಇಲ್ಲೇ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಬಿಡುವ ಆಮ್ಲ, ರಂಜಕದ ಜೊತೆ ಕ್ಯಾಡ್ಮಿಯಂ ಅನ್ನೂ ಸಡಿಲಿಸಬಹುದು. ಗಿಡ ಸೊಂಪಾಗಿ ಬರುತ್ತದೆ, ನೋಡಿದರೆ ಖುಷಿಯಾಗುತ್ತದೆ, ಆದರೆ ಎಲೆಯಲ್ಲಿ ಕ್ಯಾಡ್ಮಿಯಂ ಸೇರಿಕೊಂಡಿರುತ್ತದೆ. ಸೊಪ್ಪಿನ ಬೆಳೆಗಳು ಅದನ್ನು ಬೇಗ ಎಳೆದುಕೊಳ್ಳುತ್ತವೆ. ತೊಳೆದರೆ ಹೋಗುವುದಿಲ್ಲ.

ಸಾಸಿವೆಯಂಥ ಗಿಡ ಹಾಕಿ ಲೋಹವನ್ನು ಮೇಲಕ್ಕೆ ಎಳೆಸುವ ದಾರಿಯೂ ಇದೆ. ಆದರೆ ಕೊಯ್ದದ್ದನ್ನು ದನಕ್ಕೆ ಹಾಕುವಂತಿಲ್ಲ, ಗೊಬ್ಬರದ ಗುಂಡಿಗೂ ಹಾಕುವಂತಿಲ್ಲ. ವರ್ಷಗಟ್ಟಲೆ ಹಿಡಿಯುತ್ತದೆ. ಸೀಸವಂತೂ ಬೇರು ಬಿಟ್ಟು ಮೇಲೇರುವುದೇ ಕಡಿಮೆ.

ನಾನಾದರೆ ಹಿಡಿದಿಡುವ ದಾರಿಯನ್ನೇ ಆರಿಸುತ್ತೇನೆ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 6.5ರಿಂದ 7ಕ್ಕೆ ತನ್ನಿ, ಕ್ಯಾಡ್ಮಿಯಂ, ಸೀಸ ಎರಡೂ ಅಷ್ಟು ಸುಲಭವಾಗಿ ಕರಗುವುದಿಲ್ಲ. (ವರದಿಯಲ್ಲಿ ಆರ್ಸೆನಿಕ್ ಕೂಡ ಇದ್ದರೆ ಸುಮ್ನೆ ಸುಣ್ಣ ಸುರಿಯಬೇಡಿ, ಪಿಎಚ್ ಏರಿದಷ್ಟೂ ಅದು ಸಡಿಲವಾಗಬಹುದು.) ಚೆನ್ನಾಗಿ ಕಳಿತ ಗೊಬ್ಬರ ಕೊಡಿ. ಯಾರೂ ತಿನ್ನದ, ದನವೂ ಮೇಯದ ಹುಲ್ಲಿನಿಂದ ನೆಲ ಮುಚ್ಚಿ. ಉಳುಮೆ ನಿಲ್ಲಿಸಿ. ಉತ್ತರೆ ಬೇರಿನ ಜೊತೆ ಕೂಡಿ ಬದುಕುವ ಮೈಕೊರೈಜಾ ಶಿಲೀಂಧ್ರದ ಎಳೆಗಳು ತುಂಡಾಗುತ್ತವೆ. ಆ ಎಳೆಗಳು ಲೋಹವನ್ನು ತಮ್ಮ ಗೋಡೆಗೇ ಅಂಟಿಸಿಕೊಳ್ಳುತ್ತವೆ.

ಬಾಟಲಿ ದ್ರಾವಣಕ್ಕೆ ದುಡ್ಡು ಹಾಕಬೇಡಿ. ಇಷ್ಟು ವರ್ಷ ಆ ಮಣ್ಣಿನಲ್ಲಿ ಬದುಕಿ ಉಳಿದ ಜೀವಿಗಳು ಆಗಲೇ ಲೋಹಕ್ಕೆ ಒಗ್ಗಿಕೊಂಡಿವೆ. ಲೋಹ ತಾಳುವ ಪ್ರಸಿದ್ಧ ಬ್ಯಾಕ್ಟೀರಿಯಾ ಕ್ಯುಪ್ರಿಯಾವಿಡಸ್ ಮೆಟಾಲಿಡ್ಯುರನ್ಸ್ ಸಿಕ್ಕಿದ್ದೂ 1976ರಲ್ಲಿ, ಬೆಲ್ಜಿಯಂನ ಸತುವಿನ ಕಾರ್ಖಾನೆಯ ಕೆಸರಿನಲ್ಲೇ.

ಈ ಮಧ್ಯೆ ಸೊಪ್ಪು ಬೇಕೇ ಬೇಕು ಅಂದರೆ, ತಳಕ್ಕೆ ದಪ್ಪ ಶೀಟ್ ಹಾಸಿ, ಬೇರೆ ಕಡೆಯ ಒಳ್ಳೆ ಮಣ್ಣು ತುಂಬಿದ ಎತ್ತರದ ಮಡಿಯಲ್ಲಿ ಬೆಳೆಯಿರಿ. ಸೀಸ ಹೆಚ್ಚಾಗಿ ನಮ್ಮ ಮೈಯೊಳಗೆ ಹೋಗುವುದು ಧೂಳಿನಿಂದ. ಮಕ್ಕಳನ್ನು ಆ ಬರಿ ನೆಲದಲ್ಲಿ ಆಡಲು ಬಿಡಬೇಡಿ.