ತಾನಾಗಿಯೇ ಹೋಯ್ತಲ್ಲ, ಇನ್ನು ಡಾಕ್ಟರ್ ಯಾಕೆ?

ಪ್ರಶ್ನೆ: ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನನಗೆ 52 ವರ್ಷ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಬಿಪಿ ಇದೆ, ಮಾತ್ರೆ ತಪ್ಪಿಸುವುದಿಲ್ಲ. ಶುಗರ್ ಇಲ್ಲ. ಮೊನ್ನೆ ಸಂಜೆ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಇದ್ದಕ್ಕಿದ್ದಂತೆ ಬಲಗೈಯಲ್ಲಿದ್ದ ಪೆನ್ನು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತೇ ಕೇಳಲಿಲ್ಲ. ಮಗಳನ್ನು ಕೂಗಿದೆ. ಅವಳ ಹೆಸರು ಕೂಡ ಸರಿಯಾಗಿ ಹೊರಡಲಿಲ್ಲ, ನಾಲಿಗೆ ತೊದಲಿತು. ಹತ್ತು ನಿಮಿಷ ಇದ್ದಿರಬಹುದು. ಆಮೇಲೆ ಎಲ್ಲಾ ಮಾಮೂಲಿ. ಉಳಿದ ಪತ್ರಿಕೆಗಳನ್ನು ಅವತ್ತೇ ತಿದ್ದಿ ಮುಗಿಸಿದೆ. ನಮ್ಮ ಮನೆಯವರು ‘ಪರೀಕ್ಷೆ ಟೆನ್ಷನ್, ಮಲಗು ಸರಿ ಹೋಗುತ್ತೆ’ ಅಂದರು. ನೋವಿಲ್ಲ, ಜ್ವರವಿಲ್ಲ. ಈಗ ಡಾಕ್ಟರ ಹತ್ತಿರ ಹೋದರೆ ತೋರಿಸೋಕೆ ಏನಿದೆ? ಇನ್ನೊಂದು ಸಲ ಬಂದರೆ ಹೋಗೋಣ ಅಂದುಕೊಂಡಿದ್ದೇನೆ. ಸರಿ ತಾನೆ?

ಉತ್ತರ: ಸರಿಯಲ್ಲ. ಇವತ್ತೇ ಹೋಗಿ. ಕ್ಲಿನಿಕ್ಕಿಗೆ ಬೇಡ, ಸ್ಕ್ಯಾನ್ ಸೌಲಭ್ಯ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ. ನಿಮ್ಮ ಪತ್ರ ಓದಿದ ಕೂಡಲೇ ಪತ್ರಿಕೆಯವರಿಂದ ನಿಮಗೆ ಫೋನ್ ಮಾಡಿಸಿ ಇಷ್ಟನ್ನು ಹೇಳಿಸಿದ್ದೇನೆ. ಅಚ್ಚಾಗಿ ಬರುವ ತನಕ ಕಾಯುವಂಥ ವಿಷಯ ಇದಲ್ಲ. ಇನ್ನು ಮುಂದೆ ಬರೆಯುವುದು ನಿಮ್ಮ ಹಾಗೆಯೇ ಯೋಚಿಸುವ ಉಳಿದವರಿಗೂ ಸೇರಿಸಿ.

ನಿಮ್ಮ ಬಲಗೈ ಮತ್ತು ಮಾತು ಒಂದೇ ಗಳಿಗೆಯಲ್ಲಿ ಕೈಕೊಟ್ಟಿವೆ. ಬಲಗೈಯನ್ನು ಆಡಿಸುವುದು ಮೆದುಳಿನ ಎಡಭಾಗ. ಹೆಚ್ಚಿನವರಲ್ಲಿ ಮಾತಿನ ಜಾಗವೂ ಅಲ್ಲೇ. ಎರಡೂ ಒಟ್ಟಿಗೆ ಹೋದವು ಅಂದರೆ ಆ ಕಡೆಗೆ ಹೋಗುವ ರಕ್ತ ಸ್ವಲ್ಪ ಹೊತ್ತು ನಿಂತಿರಬಹುದು ಎಂಬುದೇ ವೈದ್ಯರಿಗೆ ಬರುವ ಮೊದಲ ಅನುಮಾನ. ಚಿಕ್ಕದೊಂದು ಹೆಪ್ಪು ರಕ್ತನಾಳದಲ್ಲಿ ಸಿಕ್ಕಿಕೊಂಡು, ತಾನಾಗಿಯೇ ಕರಗಿ ಹೋಗಿರುತ್ತದೆ. ಇದಕ್ಕೆ ನಾವು ಟಿಐಎ ಅನ್ನುತ್ತೇವೆ, ಜನ ಮಿನಿ ಸ್ಟ್ರೋಕ್ ಅನ್ನುತ್ತಾರೆ. ಟೆನ್ಷನ್ ಇರಬಹುದಾ? ಇರಬಹುದು. ಆದರೆ ಟೆನ್ಷನ್ ಅಂತ ಹೇಳುವುದು ಉಳಿದದ್ದೆಲ್ಲ ಇಲ್ಲ ಅಂತ ನೋಡಿದ ಮೇಲೆ. ನೋಡುವ ಮೊದಲೇ ಹೇಳಿದರೆ ಅದು ಸಮಾಧಾನ ಅಷ್ಟೇ.

ಹೆಪ್ಪು ಕರಗಿತು, ಸರಿ. ಅದು ಎಲ್ಲಿಂದ ಬಂತು? ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗಿರಬಹುದು. ಹೃದಯದ ಬಡಿತ ತಾಳ ತಪ್ಪಿ, ಅಲ್ಲೇ ಹೆಪ್ಪು ಆಗುತ್ತಿರಬಹುದು. ಬಿಪಿ ಹತೋಟಿಯಲ್ಲಿ ಇಲ್ಲದಿರಬಹುದು. ಕೈ ಸರಿಯಾಯಿತು ಅಂದ ಮಾತ್ರಕ್ಕೆ ಇವು ಯಾವುದೂ ಸರಿಯಾಗುವುದಿಲ್ಲ. ಟಿಐಎ ಆದವರಲ್ಲಿ ನಿಜವಾದ ಲಕ್ವ ಹೊಡೆಯುವ ಅಪಾಯ ಮೊದಲ ಕೆಲವು ದಿನಗಳಲ್ಲೇ, ಅದರಲ್ಲೂ ಮೊದಲ 2 ದಿನಗಳಲ್ಲಿ, ಎಲ್ಲಕ್ಕಿಂತ ಜಾಸ್ತಿ. ನೀವು ‘ಇನ್ನೊಂದು ಸಲ’ ಅನ್ನುತ್ತಿದ್ದೀರಲ್ಲ, ಆ ಇನ್ನೊಂದು ಸಲ ಹತ್ತು ನಿಮಿಷಕ್ಕೆ ಬಿಟ್ಟು ಹೋಗುತ್ತದೆ ಅಂತ ಯಾರು ಹೇಳಿದರು? ದಿನಗಳು ಕಳೆದಿದ್ದರೂ ಹೋಗಿ, ತಡವಾಯಿತು ಅಂತ ಬಿಡಬೇಡಿ. ಮೆದುಳಿನ ಸ್ಕ್ಯಾನ್, ಕತ್ತಿನ ರಕ್ತನಾಳದ ಪರೀಕ್ಷೆ, ಇಸಿಜಿ, ಸಕ್ಕರೆ, ಕೊಲೆಸ್ಟ್ರಾಲ್ ಇವನ್ನು ನೋಡುತ್ತಾರೆ. ಕಾರಣ ಸಿಕ್ಕರೆ ಬಹಳ ಸಲ ಔಷಧಿಯಲ್ಲೇ ಅಪಾಯವನ್ನು ಸಾಕಷ್ಟು ತಗ್ಗಿಸಬಹುದು.

ತೋರಿಸೋಕೆ ಏನೂ ಇಲ್ಲ ಅಂದಿರಿ. ನೀವು ಬರೆದ ಪತ್ರವೇ ಸಾಕು, ಅದನ್ನೇ ತಗೊಂಡು ಹೋಗಿ! ನಾನು ತುರ್ತು ವಿಭಾಗದಲ್ಲಿ ಡ್ಯೂಟಿ ಮಾಡುತ್ತಿದ್ದಾಗ ಇಂಥವರು ಬಂದರೆ ಬೆರಳಿಗೆ ಚುಚ್ಚಿ ಶುಗರ್ ನೋಡುತ್ತಲೇ (ಶುಗರ್ ತೀರಾ ಕಡಿಮೆಯಾದರೂ ಥೇಟ್ ಲಕ್ವದ ಹಾಗೇ ಕಾಣುತ್ತದೆ) ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಕೊನೇ ಸಲ ಪೂರ್ತಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’ ಯಾವಾಗ ಗೊತ್ತಾಯಿತು ಅಂತಲ್ಲ, ಕೊನೇ ಸಲ ಯಾವಾಗ ಸರಿಯಾಗಿದ್ದರು ಅಂತ. ಬೆಳಗ್ಗೆ ಆರಕ್ಕೆ ಏಳುವಾಗ ಕೈ ಬಿದ್ದುಹೋಗಿದ್ದರೆ, ರಾತ್ರಿ ಹತ್ತಕ್ಕೆ ಚೆನ್ನಾಗಿ ಮಲಗಿದ್ದರು ಅಂತ ಹತ್ತರಿಂದಲೇ ಲೆಕ್ಕ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಕಟ್ಟಿಕೊಂಡ ಕೆಲವರಿಗೆ 24 ಗಂಟೆಯವರೆಗೂ ತಂತಿಯಂಥ ಸಾಧನ ತೂರಿಸಿ ಹೆಪ್ಪನ್ನು ತೆಗೆಯಬಹುದು. ಆದರೆ ಎಲ್ಲರಿಗೂ ಅದು ಆಗುವುದಿಲ್ಲ. ಹಾಗಾಗಿ ಹೊತ್ತು ಬರೆದಿಡಿ. ಯಾವ ಕೈ, ಬಾಯಿ ಸೊಟ್ಟಗಾಗಿತ್ತಾ, ಕಣ್ಣು ಮಂಜಾಯಿತಾ, ಎಷ್ಟು ಹೊತ್ತು ಇತ್ತು, ಏನೇನು ಮಾತ್ರೆ ತಗೊಳ್ಳುತ್ತೀರಿ. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವು ತೊದಲಿದ್ದು ಹೇಗಿತ್ತು ಅಂತ ಕೇಳಿಸಿಕೊಂಡವಳು ಅವಳು.

ಇನ್ನೊಮ್ಮೆ ಹಾಗೆ ಆದರೆ, ನಿಲ್ಲುತ್ತದಾ ನೋಡೋಣ ಅಂತ ಒಂದು ನಿಮಿಷವೂ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಪಕ್ಕದವರು ಆಸ್ಪಿರಿನ್ ಕೊಟ್ಟರೆ ನುಂಗಬೇಡಿ. ಹೆಪ್ಪೋ ರಕ್ತಸ್ರಾವವೋ ಅನ್ನುವುದು ಸ್ಕ್ಯಾನ್ ಆಗದೆ ಯಾರಿಗೂ ಗೊತ್ತಾಗುವುದಿಲ್ಲ, ರಕ್ತಸ್ರಾವವಾಗಿದ್ದರೆ ಆಸ್ಪಿರಿನ್ ಇನ್ನಷ್ಟು ಕೆಡಿಸುತ್ತದೆ. ಬಿಪಿ ಜಾಸ್ತಿ ಇದೆ ಅಂತ ಮಾತ್ರೆಯನ್ನು ಎರಡು ಮಾಡಿ ನುಂಗುವುದೂ ಬೇಡ. ಬಾಯಿಗೆ ನೀರು ಹಾಕುವುದೂ ಬೇಡ, ನುಂಗುವ ಶಕ್ತಿ ಹೋಗಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಜನ ಮನೆಯಲ್ಲಿ ಕೂತು ‘ಇದು ಏನಿರಬಹುದು’ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದು ನಿಮ್ಮ ಕೆಲಸವೇ ಅಲ್ಲ. ಹೇಗೆ ಬಂತು, ಏನು ನಿಂತು ಹೋಯಿತು ಅಂತ ಮಾತ್ರ ಕೇಳಿಕೊಳ್ಳಿ. ಸ್ವಿಚ್ ಆರಿಸಿದ ಹಾಗೆ ತಟ್ಟನೆ ಬಂತಾ? ಶಕ್ತಿ, ಮಾತು, ನೋಟ, ಉಸಿರು, ಎಚ್ಚರ ಇವುಗಳಲ್ಲಿ ಒಂದು ಕೈಬಿಟ್ಟಿತಾ? ಹೌದಾದರೆ ಹೆಸರು ಗೊತ್ತಿಲ್ಲದಿದ್ದರೂ ಹೊರಡಿ. ನೋವಿಲ್ಲ ಅನ್ನುವ ಕಾರಣಕ್ಕೆ ಸುಮ್ನೆ ಕೂರಬೇಡಿ. ರಾತ್ರಿ ಮೀನಖಂಡ ಹಿಡಿದುಕೊಂಡರೆ ಜೀವ ಹೋಗುವಷ್ಟು ನೋವು, ಅಪಾಯ ಮಾತ್ರ ಇಲ್ಲ. ಒಂದು ಕಣ್ಣಿಗೆ ಪರದೆ ಇಳಿದ ಹಾಗಾದರೆ ಚೂರೂ ನೋವಿಲ್ಲ, ಆದರೆ ಆ ದಿನವೇ ತೋರಿಸದಿದ್ದರೆ ಕಣ್ಣೇ ಹೋಗಬಹುದು. ನೋವೇ ಮುಖ್ಯವಾಗುವ ಜಾಗವೂ ಇದೆ. ಜೀವನದಲ್ಲಿ ಎಂದೂ ಬಾರದಂಥ ತಲೆನೋವು ಒಂದೇ ನಿಮಿಷದಲ್ಲಿ ತುತ್ತತುದಿಗೆ ಹೋದರೆ ಮೆದುಳಿನ ಸುತ್ತ ರಕ್ತ ಸೋರಿರಬಹುದು. ಎದೆ ಹಿಂಡಿದಂತಾಗಿ ಬೆವರು ಕಿತ್ತು ಬಂದರೆ ಗ್ಯಾಸ್ ಅಂತ ತೀರ್ಮಾನಿಸಲು ಹೋಗಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೃದಯಾಘಾತವು ಎದೆನೋವೇ ಇಲ್ಲದೆ, ಬರೀ ಏದುಸಿರು, ಸುಸ್ತು, ವಾಕರಿಕೆಯಾಗಿ ಬರುವುದುಂಟು.

ಇನ್ನು ಮುಜುಗರ. ಏನೂ ಇಲ್ಲ ಅಂತ ವಾಪಸ್ ಕಳಿಸಿದರೆ ಮರ್ಯಾದೆ ಏನಾಗಬೇಕು ಅಂತ ಯೋಚಿಸುವವರೇ ಜಾಸ್ತಿ, ಅಲ್ವಾ? ಏನೂ ಇಲ್ಲ ಅನ್ನುವುದೂ ಒಂದು ರಿಪೋರ್ಟೇ. ಅದಕ್ಕೇ ನಾವಿರುವುದು. ಆದರೆ ಒಂದು ಮಾತು, ಮೊದಲ ಇಸಿಜಿ ಸರಿಯಿದ್ದೂ ಹೃದಯಾಘಾತ ಆಗಿರಬಹುದು, ಅದಕ್ಕೇ ಕೆಲವು ಗಂಟೆ ಬಿಟ್ಟು ರಕ್ತಪರೀಕ್ಷೆಯನ್ನು ಮತ್ತೆ ಮಾಡುವುದು. ಅಲ್ಲಿಯವರೆಗೆ ಇರಿ ಅಂದರೆ ಇರಿ. ‘ನಾನೀಗ ಚೆನ್ನಾಗಿದ್ದೀನಿ’ ಅಂತ ಬರೆದುಕೊಟ್ಟು ಎದ್ದು ಬರಬೇಡಿ.

ಪ್ರಶ್ನೆ: ವಯಸ್ಸು 64. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಇಡೀ ಕೋಣೆ ಗಿರಗಿರನೆ ತಿರುಗುತ್ತದೆ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಸುಮ್ಮನೆ ಕೂತರೆ ಏನೂ ಇಲ್ಲ. ಮಕ್ಕಳು ಈಗಲೇ ತುರ್ತು ವಿಭಾಗಕ್ಕೆ ನಡಿ ಅನ್ನುತ್ತಿದ್ದಾರೆ.

ಉತ್ತರ: ಮಕ್ಕಳ ಕಾಳಜಿ ಮೆಚ್ಚಬೇಕಾದ್ದೇ. ಆದರೆ ನೀವು ಹೇಳಿದಷ್ಟೇ ಆಗಿದ್ದರೆ ಇದು ಕಿವಿಯ ಕಡೆಯದು ಅನ್ನಿಸುತ್ತದೆ. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಅವು ಜಾಗ ತಪ್ಪಿದರೆ ತಲೆ ಹೊರಳಿಸಿದಾಗೆಲ್ಲ ಹೀಗಾಗುತ್ತದೆ. ಒಂದೆರಡು ದಿನದಲ್ಲಿ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ತಲೆಯನ್ನು ಕ್ರಮವಾಗಿ ತಿರುಗಿಸುವ ಒಂದು ವಿಧಾನದಿಂದಲೇ ಬಹಳ ಮಂದಿಗೆ ಸರಿ ಹೋಗುತ್ತದೆ. ಅಲ್ಲಿಯವರೆಗೆ ಏಣಿ ಹತ್ತಬೇಡಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಹಿಡಿದುಕೊಳ್ಳದೆ ನಿಲ್ಲಲೂ ಆಗದಿದ್ದರೆ, ಕಿವಿ ಥಟ್ಟನೆ ಕೇಳಿಸದಂತಾದರೆ ಆಗ ಮಕ್ಕಳು ಹೇಳಿದ ಹಾಗೇ ಮಾಡಿ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ರಾತ್ರಿ ಹೊಟ್ಟೆನೋವು ಅಂತ ಒದ್ದಾಡಿದ, ಒಂದು ಸಲ ವಾಂತಿಯೂ ಆಯಿತು. ಬೆಳಗ್ಗೆ ಅವರಪ್ಪನ ಹತ್ತಿರ ನಾಚಿಕೊಂಡು ಹೇಳಿದ್ದು, ನೋವು ಹೊಟ್ಟೆಯಲ್ಲಲ್ಲ, ವೃಷಣದಲ್ಲಿ ಅಂತ. ಈಗ ನೋವಿಲ್ಲ, ಆಟಕ್ಕೆ ಹೋಗಿದ್ದಾನೆ.

ಉತ್ತರ: ಆಟದಿಂದ ಕರೆಸಿ, ಇವತ್ತೇ ಸರ್ಜನ್‌ಗೆ ತೋರಿಸಿ. ಈ ವಯಸ್ಸಿನಲ್ಲಿ ವೃಷಣ ತಿರುಚಿಕೊಂಡು ರಕ್ತ ನಿಂತುಬಿಡುವುದುಂಟು. ಕೆಲವೊಮ್ಮೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ನಿಮ್ಮ ಮಗನಿಗೆ ಹಾಗೇ ಆಗಿರಬಹುದು. ಹಾಗೆ ಆದವರಿಗೆ ಮತ್ತೆ ತಿರುಚಿಕೊಳ್ಳುವ ಸಾಧ್ಯತೆ ಇರುತ್ತದೆ. ಬಿಚ್ಚಿಕೊಳ್ಳದಿದ್ದರೆ ಉಳಿಸಲು ಸುಮಾರು 6 ಗಂಟೆ ಮಾತ್ರ ಸಿಗುತ್ತದೆ. ಹುಡುಗರು ನಾಚಿಕೆಯಿಂದ ಹೊಟ್ಟೆನೋವು ಅಂದುಬಿಡುತ್ತಾರೆ, ಆ ಹೊತ್ತಿನಲ್ಲೇ ಗಂಟೆಗಳು ಕಳೆದುಹೋಗುತ್ತವೆ. ಮತ್ತೆ ನೋವು ಬಂದರೆ ರಾತ್ರಿ ಎರಡಾದರೂ ಅಪ್ಪನನ್ನು ಎಬ್ಬಿಸು ಅಂತ ಅವನಿಗೆ ಈಗಲೇ ಹೇಳಿಡಿ.